ಹಕ್ಕಿಗೆ ಏಕವಚನ

ಸವತಿ ಮಣ್ಣಿನ ಬೊಂಬೆಯಾದರೂ ಸಹಿಸಲಾಗದು ಅಂತಾರೆ. ಅವಳ ಸವತಿ ಒಂದು ದ್ವೀಪ.

ಆ ಹೆಸರಿಟ್ಟವಳೂ ಅವಳೇ. ಗಂಡ ಜಮೀನು ಅಳೆಯುವ ಕಚೇರಿಯಲ್ಲಿದ್ದ. ವರ್ಷವೆಲ್ಲ ರಜೆಯನ್ನು ಜಿಪುಣನ ಹಾಗೆ ಕೂಡಿಟ್ಟು, ಚಳಿ ಕಳೆಯುತ್ತಲೇ ಒಂದು ತಿಂಗಳು ಅಲ್ಲಿಗೆ ಹೋಗಿಬಿಡುತ್ತಿದ್ದ. ಸಂಬಳವಿಲ್ಲದ ಕೆಲಸ. ಹಿಂದೆ ಯಾರೋ ಅಂದಕ್ಕೆಂದು ನೆಟ್ಟು, ಈಗ ಇಡೀ ಗುಡ್ಡವನ್ನೇ ನುಂಗಿ ಕೂತಿರುವ ದಪ್ಪೆಲೆಯ ಬಳ್ಳಿಯನ್ನು ಕೀಳುವುದು. ಆ ಮಣ್ಣಿನದೇ ಆದ ಪೊದೆಗಳನ್ನು ಮತ್ತೆ ನೆಡುವುದು. ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಕಡಲಹಕ್ಕಿಗಳಿಗೆ ಜಾಗ ಬಿಡಿಸಿಕೊಡುವುದು. ಅವನು ಚೀಲ ತುಂಬುವಾಗ ಅವಳು ಬಾಗಿಲಿಗೊರಗಿ ನಿಂತು, "ಸವತಿ ಮನೆಗೆ ಹೊರಟ್ರಾ?" ಎನ್ನುತ್ತಿದ್ದಳು.

"ನೀನೂ ಬಾ. ಪರಿಚಯ ಮಾಡಿಸ್ತೀನಿ."

"ನಂಗೆ ದೋಣಿ ಕಂಡ್ರೇ ವಾಂತಿ. ಬೇಕಿದ್ರೆ ಅವಳೇ ಈಜಿಕೊಂಡು ಬರಲಿ."

ಅವನಿರುವವರೆಗೆ ಇದು ನಗುವ ಮಾತಾಗಿತ್ತು.

ಹೋದ ವರ್ಷ ಅವನು ಹೋದ. ದ್ವೀಪಕ್ಕಲ್ಲ. ಕಚೇರಿಯಿಂದ ಬರುವಾಗ, ಮನೆಯ ಹತ್ತಿರದ ಸಿಗ್ನಲ್ಲಿನಲ್ಲಿ, ಹಿಂದಿದ್ದ ಲಾರಿಯ ಬ್ರೇಕು ಹಿಡಿಯಲಿಲ್ಲ. ಅವಳು ಅಳಲಿಲ್ಲ. ನೋಡಲು ಬಂದವರಿಗೆ ನಿರಾಸೆಯೇ ಆಯಿತು. ಪ್ರಕಾಶಕರ ಕಚೇರಿಯಲ್ಲಿ ಕರಡು ತಿದ್ದುವುದು ಅವಳ ಕೆಲಸ. ಎರಡನೇ ವಾರಕ್ಕೆ ಮೇಜಿಗೆ ಮರಳಿ, ಬೇರೆಯವರ ತಪ್ಪುಗಳನ್ನು ಎಂದಿನಂತೆ ಹಿಡಿದಳು.

ಅವಳಿಗೆಂದು ಉಳಿದಿದ್ದು ಒಂದು ಮಾತು.

ಅದರ ಕತೆ ಹೀಗೆ. ಯಾರೋ ಪರಿಚಯಿಸಿ ಆದ ಮದುವೆ. ಇಬ್ಬರೂ ಮುದುರಿಕೊಳ್ಳುವ ಜಾತಿ. "ನೀವು ಊಟ ಮಾಡಿದ್ರಾ?" "ನೀವು?" ಎಂದು ಬ್ಯಾಂಕಿನ ಕೌಂಟರಿನ ಆಚೆ ಈಚೆ ನಿಂತವರ ಹಾಗೆ ಮಾತಾಡಿಕೊಂಡು ತಿಂಗಳುಗಳೇ ಕಳೆದವು. ಆ ವರ್ಷ ಅವನು ಮೊದಲ ಸಲ ದ್ವೀಪಕ್ಕೆ ಹೋಗಿ ಬಂದ. ಬಂದವನು ಬೀಗ ತೆಗೆದು, ಚೀಲವನ್ನೂ ಇಳಿಸದೆ, ಹೊಸ್ತಿಲಲ್ಲೇ ನಿಂತು ಒಳಕ್ಕೆ ಕೂಗಿದ: "ಇದ್ದೀಯೇನೇ?" ಕೊನೆಯ ಅಕ್ಷರವನ್ನು ಮೇಲಕ್ಕೆತ್ತಿ, ಎಳೆದು. ಅಡುಗೆಮನೆಯಲ್ಲಿದ್ದ ಅವಳಿಗೆ ಕೈಯ ಲೋಟ ಜಾರುವಷ್ಟು ಗಾಬರಿ. ಏನು ಹೇಳಬೇಕೋ ತೋಚದೆ "ಇಲ್ಲ" ಎಂದುಬಿಟ್ಟಳು. ಅವನು ಚೀಲದ ಸಮೇತ ನೆಲಕ್ಕೆ ಕೂತು ನಕ್ಕ. ಅವತ್ತಿನಿಂದ ಪ್ರತಿ ಸಂಜೆ ಬಾಗಿಲಲ್ಲಿ "ಇದ್ದೀಯೇನೇ?", ಒಳಗಿಂದ "ಇಲ್ಲ". ಮದುವೆಯ ತಾರೀಖು ಕಾಗದದಲ್ಲಿ ಬೇರೆಯೇ ಇದೆ. ಅವಳ ಲೆಕ್ಕದಲ್ಲಿ ಮದುವೆಯಾದದ್ದು 'ನೀವು' ಹೋಗಿ 'ನೀನು' ಬಂದ ಆ ಸಂಜೆ.

ಅವನ ಬಟ್ಟೆ ಹಂಚಿದಳು. ಅಳತೆಯ ಸಾಮಾನುಗಳನ್ನು ಅವನ ಸಹೋದ್ಯೋಗಿಗಳಿಗೆ ಕೊಟ್ಟಳು. ಈ ಮಾತನ್ನು ಮಾತ್ರ ಯಾರ ಮುಂದೆಯೂ ಬಿಚ್ಚಿರಲಿಲ್ಲ.

ಚಳಿ ಕಳೆಯುತ್ತಲೇ ನಾದಿನಿ ಬಂದಳು. "ಅತ್ತಿಗೆ, ಅಣ್ಣನ ಜಾಗಕ್ಕೆ ಈ ಸಲ ಯಾರೂ ಸಿಕ್ಕಿಲ್ವಂತೆ. ದ್ವೀಪದವರು ಫೋನ್ ಮಾಡಿದ್ರು. ನೀವು ಯಾಕೆ ಹೋಗಬಾರದು?"

"ನಂಗೆ ಗುದ್ದಲಿ ಹಿಡಿಯೋಕೂ ಬರಲ್ಲ."

"ಇಲ್ಲಿದ್ದು ಮಾಡೋದಾದ್ರೂ ಏನು? ಗೋಡೆ ಕಾಯ್ತೀರಾ?"

ಗೋಡೆ ಕಾಯುವುದು ಅವಳಿಗೆ ಸಾಕಷ್ಟು ಒಗ್ಗಿತ್ತು. ಆದರೂ ಹೊರಟಳು. ಸವತಿಯ ಮುಖವನ್ನು ಒಮ್ಮೆ ನೋಡಬೇಕಿತ್ತು.

ದೋಣಿಯಲ್ಲಿ, ಅವಳು ಗಂಡನಿಗೆ ಹೇಳುತ್ತಿದ್ದಂತೆಯೇ, ವಾಂತಿಯಾಯಿತು. ದೋಣಿಯವನು ಅವಳ ಕಡೆ ನೋಡದೆ, "ಮೀನುಗಳಿಗೂ ತಿಂಡಿ ಆಯ್ತು ಬಿಡಿ" ಎಂದ. ಅವಳು ತಲೆಯೆತ್ತಿದಾಗ ದ್ವೀಪ ಎದುರಿಗಿತ್ತು. ನೋಡಲು ಏನೂ ಇಲ್ಲ. ಬೋಳು ಬೆನ್ನಿನ ಒಂದು ಗುಡ್ಡ, ತುದಿಯಲ್ಲಿ ದೀಪ ಆರಿದ ದೀಪಸ್ತಂಭ, ಬಂಡೆಗಳ ಮೇಲೆ ಊಟ ಮುಗಿಸಿದ ನೆಂಟರ ಹಾಗೆ ಬಿದ್ದುಕೊಂಡಿದ್ದ ಸೀಲುಗಳು. ಮೇಲೆ ಮಾತ್ರ ಆಕಾಶ ಕಾಣದಷ್ಟು ಹಕ್ಕಿ. ಇದಕ್ಕಾ, ಎಂದುಕೊಂಡಳು. ಚೆಲುವೆಯಾಗಿದ್ದರೆ ಒಪ್ಪಿಕೊಳ್ಳಬಹುದಿತ್ತು.

ದಂಡೆಯ ಪಕ್ಕದ ಕೋಣೆಯಲ್ಲಿ ಮೊದಲು ತಪಾಸಣೆ. ಹೊರಗಿನ ಒಂದೇ ಒಂದು ಬೀಜ ಒಳಗೆ ಹೋಗಬಾರದು. ಸ್ಟೀಲಿನ ಮೇಜಿನ ಮೇಲೆ ಬ್ರಷ್ಷು, ಚಿಮಟ. ಬೂಟಿನ ಅಡಿ, ಕಾಲುಚೀಲದ ನೂಲು, ಚೀಲದ ಮೂಲೆ, ಎಲ್ಲವನ್ನೂ ಒಬ್ಬಳು ತಿರುವಿ ನೋಡುತ್ತಿದ್ದಳು. ಇವಳದೇ ವಯಸ್ಸು. ಕತ್ತರಿಸಿದ ಗಿಡ್ಡ ಕೂದಲು, ಬಿಸಿಲಿಗೆ ಸುಟ್ಟ ಮೂಗು. ಸಸ್ಯಶಾಸ್ತ್ರ ಓದಿ, ಇಲ್ಲಿ ಸಸಿಮನೆ ನೋಡಿಕೊಂಡು ವರ್ಷಪೂರ್ತಿ ಇರುವವಳು. ಅಜ್ಜನ ವಯಸ್ಸಿನವರೂ ಅವಳನ್ನು ಸಸಿಯಕ್ಕ ಎನ್ನುತ್ತಿದ್ದರು.

ಸಸಿಯಕ್ಕನ ಕೈ ಹಸಿರು ಜಾಕೆಟ್ಟಿನ ಮೇಲೆ ನಿಂತಿತು. ಅದು ಅವನದು, ಹಂಚದೆ ಉಳಿಸಿಕೊಂಡದ್ದು. ಒಳಜೇಬನ್ನು ಹೊರಕ್ಕೆ ತಿರುವಿ, ಹೊಲಿಗೆಯ ಮೇಲೆ ಉಗುರಾಡಿಸಿ, "ಈ ಜೇಬು ನಾನು ಹೊಲಿದದ್ದು" ಎಂದಳು.

"ದರ್ಜಿ ಹತ್ರ ಹೊಲಿಸಿದೆ ಅಂದಿದ್ರು."

"ನನ್ನನ್ನ ದರ್ಜಿ ಅಂದ್ರಾ?" ಸಸಿಯಕ್ಕ ನಕ್ಕಳು. ಆಮೇಲೆ ಮುಖ ನೋಡಿ ನಗು ನಿಲ್ಲಿಸಿದಳು. "ನೀವು ನಿಧಾನಿ ಮನೆಯವರು, ಅಲ್ವಾ?"

"ಯಾರು?"

"ಇಲ್ಲಿ ಅವರನ್ನ ಹಾಗೇ ಕರೀತಿದ್ವಿ. ಒಂದು ಸಸಿ ನೆಡೋಕೆ ಎಲ್ಲರ ಎರಡರಷ್ಟು ಹೊತ್ತು. ಆದ್ರೆ ಅವರು ನೆಟ್ಟಿದ್ದು ಒಂದೂ ಸಾಯಲ್ಲ."

ಮನೆಯಲ್ಲಿ ಅವನು ಅಂಗಿಯ ಒಂದು ತೋಳು ಹಾಕಿಕೊಂಡು, ಇನ್ನೊಂದು ಕೈಯಲ್ಲಿ ತಿಂಡಿ ತಿಂದು, ಚಪ್ಪಲಿಯನ್ನು ಮೆಟ್ಟಿಲ ಮೇಲೆ ಮೆಟ್ಟುತ್ತಿದ್ದವನು. ನಿಧಾನಿಯಂತೆ. ನಿಧಾನವನ್ನೆಲ್ಲ ಇಲ್ಲಿಗೆ ಸುರಿದು, ಉಳಿದ ಅವಸರವನ್ನು ನನಗೆ ತಂದುಕೊಟ್ಟನೇ, ಎಂದು ಅವಳ ಹೊಟ್ಟೆಯಲ್ಲಿ ಒಂದು ಕೆಂಡ ಸಣ್ಣಗೆ ಹೊತ್ತಿಕೊಂಡಿತು. ವರ್ಷದಿಂದ ತಣ್ಣಗಿದ್ದ ಜಾಗ ಅದು. ಬಿಸಿ ತಾಗಿದ್ದಕ್ಕೆ ಅವಳಿಗೇ ಅಚ್ಚರಿಯಾಯಿತು.

ಮರುದಿನ ಗುಡ್ಡಕ್ಕೆ ಹೊರಟರು. ಎಲ್ಲರೂ ಬೂಟಿನ ಅಡಿಗೆ ಅಗಲ ಹಲಗೆ ಕಟ್ಟಿಕೊಂಡು ಬಾತುಕೋಳಿಗಳ ಹಾಗೆ ನಡೆಯಬೇಕು. ನೆಲದ ಕೆಳಗೆಲ್ಲ ಬಿಲ, ಕಾಲಿನ ಭಾರ ಒಂದೇ ಕಡೆ ಬಿದ್ದರೆ ಕುಸಿದೀತು. ಅವಳ ಪಕ್ಕದಲ್ಲಿ ನಿವೃತ್ತ ದಂತವೈದ್ಯರೊಬ್ಬರು ಏದುಸಿರು ಬಿಡುತ್ತ ಬರುತ್ತಿದ್ದರು. "ಜೀವನವಿಡೀ ತೂತು ಮುಚ್ಚಿದೆ ಕಣಮ್ಮ. ಈಗ ತೂತು ಕಾಯೋ ಕೆಲಸ. ಪಾಪ ಪರಿಹಾರ." ಹಿಂದಿನ ಸಂಜೆ ಸಸಿಮನೆಯ ಬೋರ್ಡಿನ ಮೇಲೆ 'ವಾಸಸ್ತಾನ' ಎಂದಿದ್ದದ್ದಕ್ಕೆ ಅವಳು ಸದ್ದಿಲ್ಲದೆ ಒತ್ತಕ್ಷರ ಅಳಿಸಿ ಸೀಮೆಸುಣ್ಣದಲ್ಲಿ 'ಥ' ಮಾಡಿದ್ದನ್ನು ಅವರು ನೋಡಿಬಿಟ್ಟಿದ್ದರು. ಅವಳಿಗೆ 'ಕಾಗುಣಿತ' ಎಂದು ಹೆಸರಿಟ್ಟದ್ದೂ ಅವರೇ.

ಬಳ್ಳಿ ಕಿತ್ತು ಬೋಳಾಗಿದ್ದ ಇಳಿಜಾರಿನಲ್ಲಿ ಸಸಿಯಕ್ಕ ಎಲ್ಲರನ್ನೂ ನಿಲ್ಲಿಸಿದಳು. "ಹೊಸಬರು ನೋಡ್ಕೊಳ್ಳಿ. ಗುದ್ದಲಿ ಹಾಕೋ ಮುಂಚೆ ಹತ್ತಿರದ ಬಿಲದಲ್ಲಿ ಕೇಳಬೇಕು. ಹಗಲು ಒಂದು ಹಕ್ಕಿ ಒಳಗೆ ಕಾವು ಕೂತಿರುತ್ತೆ. ಜೊತೆಯದು ಕಡಲಿಗೆ ಹೋಗಿ ಕತ್ತಲಾದ ಮೇಲೆ ಬರುತ್ತೆ. ಕರೆದ್ರೆ ಜೊತೆಯದೇ ಬಂತು ಅಂದ್ಕೊಂಡು ಒಳಗಿಂದ ಓಗೊಡುತ್ತೆ. ಓಗೊಟ್ರೆ ಕೆಂಪು ಕಡ್ಡಿ, ದೂರ ಸರಿದು ನೆಡಿ. ಸುಮ್ಮನಿದ್ರೆ ಬಿಳಿ ಕಡ್ಡಿ, ಹತ್ತಿರ ನೆಡಬಹುದು."

ಹೇಳಿ, ಬೋರಲು ಮಲಗಿ, ಕೆನ್ನೆಯನ್ನು ಮಣ್ಣಿಗೆ ತಾಗಿಸಿ, ಬಿಲದ ಬಾಯಿಗೆ ಎರಡೂ ಕೈ ಸುತ್ತುಗಟ್ಟಿ ಕರೆದಳು:

"ಇದ್ದೀಯೇನೇ?"

ಕೊನೆಯ ಅಕ್ಷರ ಮೇಲೇರಿ, ಎಳೆದು, ಹೊಸ್ತಿಲಲ್ಲಿ ನಿಂತ ಹಾಗೆ ನಿಂತಿತು. ಅದೇ ರಾಗ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನೆಲದೊಳಗಿಂದ, ಹಳೆಯ ಹೊಲಿಗೆಯಂತ್ರ ತಿರುಗಿದ ಹಾಗೆ, ಗರ್ರ್ ಎಂದು ಉತ್ತರ ಬಂತು. ಎಲ್ಲರೂ ನಕ್ಕರು.

ಅವಳು ನಗಲಿಲ್ಲ. ಕೈಯಲ್ಲಿದ್ದ ಸಸಿಯ ಬುಡದಿಂದ ಮಣ್ಣು ಉದುರುತ್ತಿತ್ತು.

ಅವತ್ತು ಇಳಿಜಾರಿನ ತುಂಬ ಅದೇ ಮಾತು. ದಂತವೈದ್ಯರ ಗೊಗ್ಗರು ದನಿಯಲ್ಲಿ, ಇಬ್ಬರು ಕಾಲೇಜು ಹುಡುಗಿಯರ ಕಿಸಿಕಿಸಿಯಲ್ಲಿ, ಮೇಲಿಂದ, ಕೆಳಗಿಂದ. ಇದ್ದೀಯೇನೇ, ಇದ್ದೀಯೇನೇ. ತಿಜೋರಿಯಲ್ಲಿ ಬಚ್ಚಿಟ್ಟಿದ್ದ ಒಡವೆಯನ್ನು ಸಂತೆಯಲ್ಲಿ ಎಲ್ಲರ ಕೊರಳಲ್ಲೂ ಕಂಡ ಹಾಗಾಯಿತು ಅವಳಿಗೆ. ತನ್ನ ಸರದಿ ಬಂದಾಗ ಬೆರಳುಗಂಟಿನಿಂದ ನೆಲ ತಟ್ಟಿ, ಕಿವಿಗೊಟ್ಟ ಹಾಗೆ ಮಾಡಿ, ಬಿಳಿ ಕಡ್ಡಿಯನ್ನೋ ಕೆಂಪು ಕಡ್ಡಿಯನ್ನೋ ನೆಟ್ಟು ಮುಂದೆ ಹೋದಳು.

ಅವಳಿಗೆ ಬೇಕಾದದ್ದು ಒಂದೇ. ಮಾತು ಮೊದಲು ಯಾರದು? ಅವನು ಮನೆಯಿಂದ ಇಲ್ಲಿಗೆ ಒಯ್ದದ್ದಾದರೆ ಸರಿ. ಧಾರಾಳಿ, ಹಂಚಿದ, ಬೈದುಕೊಂಡು ಕ್ಷಮಿಸಬಹುದು. ಇಲ್ಲಿಂದ ಮನೆಗೆ ತಂದದ್ದಾದರೆ?

ಊಟದ ಹೊತ್ತಿಗೆ ದಂತವೈದ್ಯರನ್ನು ಕೇಳಿದಳು. "ಈ ಕರೆಯೋದು ಯಾವಾಗಿಂದ?"

"ನಾನು ಬಂದಾಗಲೇ ಇತ್ತಪ್ಪ. ನಿಧಾನಿ ನನಗಿಂತ ಮುಂಚೆ ಬಂದವರು. ಸಸಿಯಕ್ಕನ್ನ ಕೇಳು, ಅವಳಿಗೆ ಗೊತ್ತು."

ಕೇಳುವುದೆಂದರೆ ಸೋತ ಹಾಗೆ. ಮೂರ್ನಾಲ್ಕು ದಿನ ಹಲ್ಲುಕಚ್ಚಿದಳು. ಆ ದಿನಗಳಲ್ಲಿ ಸಸಿಯಕ್ಕನನ್ನು ಕರಡು ಓದುವ ಕಣ್ಣಿನಲ್ಲಿ ನೋಡಿದಳು. ಒಂದು ತಪ್ಪಾದರೂ ಸಿಗಬೇಕು. ಸಸಿಯಕ್ಕ ಚಹಾ ಕುಡಿಯುವಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು, ಅವನ ಹಾಗೆ. ಸಸಿಯ ಬುಡಕ್ಕೆ ಮಣ್ಣು ಒತ್ತಿ ಕೊನೆಗೊಮ್ಮೆ ಎರಡು ಬೆರಳಿಂದ ತಟ್ಟುತ್ತಿದ್ದಳು, ಅವನು ಬಾಲ್ಕನಿಯ ಕುಂಡಕ್ಕೆ ತಟ್ಟುತ್ತಿದ್ದ ಹಾಗೆ. ಯಾರು ಯಾರಿಂದ ಕಲಿತರೋ. ಸಂಜೆ ಮಂಚದ ಮೇಲೆ ಕೂತು ಜಾಕೆಟ್ಟಿನ ಒಳಜೇಬಿನ ಹೊಲಿಗೆಯನ್ನು ಉಗುರಿನಿಂದ ಒಂದೊಂದೇ ಎಬ್ಬಿಸಿದಳು. ಅರ್ಧಕ್ಕೆ ಬಂದಾಗ ತನ್ನ ಮೇಲೆ ತನಗೇ ಹೇಸಿಗೆಯಾಗಿ ನಿಲ್ಲಿಸಿದಳು. ಅಷ್ಟೊತ್ತಿಗೆ ಜೇಬು ನಾಲಿಗೆಯ ಹಾಗೆ ನೇತಾಡುತ್ತಿತ್ತು.

ಕೊನೆಗೆ ಸಸಿಮನೆಯಲ್ಲಿ, ಬುಟ್ಟಿಗೆ ಸಸಿ ತುಂಬುವಾಗ, ಹವಾಮಾನ ಕೇಳಿದ ಹಾಗೆ ಕೇಳಿದಳು. "ಆ ಕೂಗು ಚೆನ್ನಾಗಿದೆ. ಯಾರು ಶುರು ಮಾಡಿದ್ದು?"

"ನಾನೇ," ಎಂದಳು ಸಸಿಯಕ್ಕ, ತಲೆಯೆತ್ತದೆ. "ಮುಂಚೆ ಕೋಲಿಂದ ತಟ್ಟೋರು. ಹಕ್ಕಿ ಹೆದರಿಕೊಂಡು ಸುಮ್ಮನಾಗಿಬಿಡೋದು. ಕರೆದು ನೋಡೋಣ ಅಂತ ಕರೆದೆ." ಆಮೇಲೆ ನೆನಪಾಗಿ ಮುಖ ಅರಳಿತು. "ನಿಮ್ಮವರಿಗೆ ಕಲಿಸೋಕೆ ಪಟ್ಟ ಪಾಡು. ಮೊದಲ ವರ್ಷ ಬಿಲದ ಮುಂದೆ ಮಲಗಿ, 'ಇದ್ದೀರಾ?' ಅನ್ನೋರು. ಹಕ್ಕಿಗೆ ಬಹುವಚನ. ನಾವೆಲ್ಲ ಬಿದ್ದು ಬಿದ್ದು ನಕ್ವಿ. ಹಕ್ಕಿ ಏನು ನಿಮ್ಮ ಕಚೇರಿ ಸಾಹೇಬರಾ, ನಿಮ್ಮವಳು ಅಂದ್ಕೊಂಡು ಕರೀರಿ ಅಂದೆ. ಒಂದು ತಿಂಗಳು ಬೇಕಾಯ್ತು. ಹೊರಡೋ ದಿನ ಬಾಯಿಂದ 'ಇದ್ದೀಯೇನೇ' ಬಂತು. ಚಪ್ಪಾಳೆ ಹೊಡೆದ್ವಿ."

ಹೊರಡುವ ದಿನ. ಅಲ್ಲಿಂದ ದೋಣಿ, ಬಸ್ಸು, ಮೆಟ್ಟಿಲು, ಬೀಗ. ನಾಲಿಗೆಯ ಮೇಲೆ ಇನ್ನೂ ಒಣಗದ ಮಾತನ್ನು ಅವನು ಹೊಸ್ತಿಲಲ್ಲಿ ಸುರಿದಿದ್ದ.

"ಏನಾಯ್ತು?" ಎಂದಳು ಸಸಿಯಕ್ಕ.

"ಏನಿಲ್ಲ. ಬುಟ್ಟಿ ಭಾರ."

ಬುಟ್ಟಿ ಹೊತ್ತು ಗುಡ್ಡ ಹತ್ತುವಾಗ ಅವಳ ಕಾಲು ಸರಿಯಾಗಿಯೇ ನಡೆಯುತ್ತಿತ್ತು. ತಲೆ ಮಾತ್ರ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿತ್ತು. ತನಗೆ ಸಿಕ್ಕ 'ನೀನು' ಇನ್ನೊಬ್ಬಳು ಪಾಠ ಹೇಳಿ ಕೊಡಿಸಿದ್ದು. ಹಕ್ಕಿಯ ಮೇಲೆ ಅಭ್ಯಾಸ ಮಾಡಿ ತಂದದ್ದು. ಹಕ್ಕಿ ಓಗೊಡುವುದು ಜೊತೆಯದೇ ಬಂತೆಂದುಕೊಂಡು. ತಾನೂ ಅಷ್ಟೇ ಅಲ್ಲವೇ, ಇಷ್ಟು ವರ್ಷ?

ಅವತ್ತು ಅವಳು ನೆಲವನ್ನು ತಟ್ಟಲೂ ಇಲ್ಲ. ಅವಳ ಪಾಲಿಗೆ ಬಂದ ಜಾಗ ಇಳಿಜಾರಿನ ಅಂಚಿನಲ್ಲಿತ್ತು, ಬೇರೆಯವರಿಗೆ ಮರೆ. ಎದುರಿಗೆ ಬಿಲದ ಬಾಯಿ ಕಪ್ಪಗೆ ತೆರೆದುಕೊಂಡಿತ್ತು. ಕರೆಯುವುದಿಲ್ಲ ಹೋಗು, ಎಂದಳು ಮನಸ್ಸಿನಲ್ಲೇ. ನಿನಗೂ ನನಗೂ ಮಾತಿಲ್ಲ. ಬಿಳಿ ಕಡ್ಡಿಯನ್ನು ಚುಚ್ಚಿ, ಪಕ್ಕದಲ್ಲೇ ಗುದ್ದಲಿ ಎತ್ತಿ ಹಾಕಿದಳು.

ಗುದ್ದಲಿಗೆ ಮಣ್ಣು ತಾಗಲಿಲ್ಲ. ಟೊಳ್ಳಿಗೆ ಇಳಿದು ಹೋಯಿತು.

ಬಿಲದ ಚಾವಣಿ ತಟ್ಟೆಯಗಲ ಕುಸಿದಿತ್ತು. ಅವಳು ಮಂಡಿಯೂರಿ ಮಣ್ಣು ಸರಿಸಿದಳು. ಒಳಗೆ ಒಣಹುಲ್ಲಿನ ಮೇಲೆ ಬೂದುಗಪ್ಪು ಹಕ್ಕಿ, ಪಾರಿವಾಳದಷ್ಟಿರಬಹುದು. ಬೆನ್ನ ಮೇಲೆ ಹೆಂಟೆ. ಬೆಳಕಿಗೆ ಕಣ್ಣು ಕಿರಿದು ಮಾಡಿ ಕೂತಿತ್ತು, ಓಡಲಿಲ್ಲ, ಕೂಗಲಿಲ್ಲ. ಹೊಟ್ಟೆಯ ಅಡಿಯಿಂದ ಮೊಟ್ಟೆಯ ಬಿಳಿ ಅಂಚು ಕಾಣುತ್ತಿತ್ತು. ಗುದ್ದಲಿಯ ಅಲಗು ಅದರಿಂದ ಬೆರಳಗಲ ದೂರಕ್ಕೆ ನಿಂತಿತ್ತು.

ಯಾರಿಗೂ ಕಾಣದ ಜಾಗ. ಮಣ್ಣು ಎಳೆದು ಮುಚ್ಚಿ ಮುಂದೆ ಹೋಗಬಹುದಿತ್ತು. ಆ ಯೋಚನೆ ಬಂದದ್ದೂ ನಿಜ. ಹಕ್ಕಿ ತಲೆಯೆತ್ತಿ ಅವಳನ್ನು ನೋಡಿತು. ಮನೆಯ ಗೋಡೆ ಬಿದ್ದವರ ಹಾಗೆ, ಪಿಳಿಪಿಳಿ. ಅವಳು ಜಾಕೆಟ್ಟು ಬಿಚ್ಚಿ ತೂತಿನ ಮೇಲೆ ಹೊದಿಸಿ, ಬೆಳಕು ಮುಚ್ಚಿ, ಎದ್ದು ನಿಂತು ಕೈಬೀಸಿದಳು.

ಸಸಿಯಕ್ಕ ಬಂದಳು. ಜಾಕೆಟ್ಟಿನ ಅಂಚು ಎತ್ತಿ ನೋಡಿದಳು, ಮತ್ತೆ ಮುಚ್ಚಿದಳು. ಬಿಳಿ ಕಡ್ಡಿಯನ್ನು ನೋಡಿದಳು. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

"ಕರೆದ್ರಾ?"

"ಇಲ್ಲ."

ಸಸಿಯಕ್ಕ ತಟ್ಟನೆ ತಿರುಗಿ ಅವಳ ಮುಖ ನೋಡಿದಳು. ಕೋಪವಿರಲಿಲ್ಲ ಅದರಲ್ಲಿ. ಎಲ್ಲೋ ಕೇಳಿದ ದನಿಯನ್ನು ಗುರುತಿಸಿದವರ ನೋಟ. ಆಮೇಲೆ ದಂತವೈದ್ಯರನ್ನು ಕೂಗಿ ಹಲಗೆ ತರಿಸಿದಳು. ಅವರು ಹಲಗೆ ಇಟ್ಟು, "ಕ್ಯಾಪ್ ಹಾಕೋದು ನಂಗೆ ಅಭ್ಯಾಸ" ಎಂದು ಇಬ್ಬರ ಮುಖ ನೋಡಿ, ಹಾಸ್ಯಕ್ಕೆ ಹೊತ್ತಲ್ಲವೆಂದು ತಿಳಿದು ಇಳಿದು ಹೋದರು.

ಇಬ್ಬರೂ ಎದುರುಬದುರು ಮಂಡಿಯೂರಿದರು. ಹಕ್ಕಿಯ ಬೆನ್ನ ಮೇಲಿನ ಮಣ್ಣನ್ನು ಸಸಿಯಕ್ಕ ಬೆರಳಿಂದ ಎತ್ತಿದಳು. ತೂತಿನ ಮೇಲೆ ಹಲಗೆ, ಹಲಗೆಯ ಮೇಲೆ ಒದ್ದೆ ಮಣ್ಣು, ಅದರ ಮೇಲೆ ಹುಲ್ಲಿನ ಹೆಂಟೆ. ಜಾಕೆಟ್ಟನ್ನು ಕೊಡವಿ ವಾಪಸು ಕೊಡುವಾಗ ನೇತಾಡುವ ಜೇಬು ಕಣ್ಣಿಗೆ ಬಿತ್ತು. ಸಸಿಯಕ್ಕ ಅದನ್ನು ಒಳಕ್ಕೆ ಮಡಚಿಟ್ಟಳು.

"ಬದುಕುತ್ತಾ?" ಎಂದು ಅವಳು ಕೇಳಿದಳು.

"ಹಕ್ಕಿ ಬದುಕುತ್ತೆ. ಒಮ್ಮೆ ಹೀಗಾದ್ರೆ ಕೆಲವು ಮೊಟ್ಟೆ ಬಿಟ್ಟು ಹೋಗಿಬಿಡ್ತವೆ. ವರ್ಷಕ್ಕೆ ಒಂದೇ ಮೊಟ್ಟೆ ಇಡೋದು. ನಾಳೆ ಬೆಳಿಗ್ಗೆ ಕರೆದು ನೋಡಬೇಕು." ಮಣ್ಣು ಮೆತ್ತುತ್ತಲೇ, ಬೇರೆ ದನಿಯಲ್ಲಿ, "ಅದು ನೀವೇನಾ?" ಎಂದಳು.

"ಯಾವುದು?"

"ಸುಮ್ಮನಿರೋ ಬಿಲ ಬಂದ್ರೆ ನಾವೆಲ್ಲ ಕಡ್ಡಿ ಚುಚ್ಚಿ ಮುಂದೆ ಹೋಗ್ತಿದ್ವಿ. ಅವರು ಹೋಗ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ತಾವೇ ದನಿ ಬದಲಿಸಿ, 'ಇಲ್ಲ' ಅನ್ನೋರು. ಹೆಂಗಸಿನ ದನಿ. ಈಗ ನೀವು ಅಂದ್ರಲ್ಲ, ಹಾಗೇ, ಮೊಟಕಾಗಿ. ಅಂದು ಒಬ್ಬರೇ ನಗೋರು. ನಗುತ್ತಾ ಕೂತುಬಿಡೋರು. ನಿಧಾನಿ ಅಂತ ಹೆಸರು ಬಂದಿದ್ದೇ ಅದರಿಂದ."

ಅವಳ ಕೈ ಮಣ್ಣಿನಲ್ಲಿ ನಿಂತಿತು.

"ಏನದು, ಯಾಕೆ ನಗ್ತೀರಿ ಅಂತ ಪ್ರತಿ ವರ್ಷ ಕೇಳಿದೆ. 'ನಿಮಗೆ ಗೊತ್ತಾಗಲ್ಲ ಬಿಡಿ' ಅನ್ನೋರು." ಸಸಿಯಕ್ಕ ಹುಲ್ಲಿನ ಹೆಂಟೆಯನ್ನು ಎರಡು ಬೆರಳಿಂದ ತಟ್ಟಿದಳು. ಒಮ್ಮೆ ತಟ್ಟಿದ್ದು ಸಾಲದೆಂಬಂತೆ ಮತ್ತೆ ಮತ್ತೆ ತಟ್ಟಿದಳು. "ನಿಮಗೆ. ಕೊನೇವರೆಗೂ ನನಗೆ 'ನೀವು'. ಜೇಬು ಹೊಲಿದುಕೊಟ್ಟಾಗಲೂ 'ನಿಮಗೆ ಥ್ಯಾಂಕ್ಸ್'. ಕಲಿಸಿದವಳು ನಾನು. ಹಕ್ಕಿಗೆ ಏಕವಚನ ಸಿಕ್ತು, ನನಗೆ ಸಿಗಲಿಲ್ಲ."

ಅಂದು ತಾನೇ ನಕ್ಕಳು. ಅದು ನಗುವಲ್ಲವೆಂದು ತಿಳಿಯಲು ಕರಡು ತಿದ್ದುವವರೇ ಬೇಕಿರಲಿಲ್ಲ.

ಗಾಳಿ ಏರುತ್ತಿತ್ತು. ಕೆಳಗೆ ಬಂಡೆಯ ಮೇಲೆ ಸೀಲೊಂದು ಮಗ್ಗುಲು ಬದಲಿಸಿತು. ಅವಳು ಎದುರಿಗಿದ್ದ ಸುಟ್ಟ ಮೂಗನ್ನು, ಉಗುರಿನ ಸಂದಿಯ ಮಣ್ಣನ್ನು ನೋಡಿದಳು. ಇಷ್ಟು ದಿನ ತನ್ನ ಹೊಟ್ಟೆಯಲ್ಲಿದ್ದ ಕೆಂಡದ ಜೊತೆಯ ಕೆಂಡವೊಂದು ಇಲ್ಲೇ, ಕೈಯಳತೆಯಲ್ಲಿ, ತನಗಿಂತ ಮುಂಚಿನಿಂದ ಉರಿಯುತ್ತಿತ್ತು.

"ಹೇಳಿ," ಎಂದಳು ಸಸಿಯಕ್ಕ. "ಯಾಕೆ ನಗ್ತಿದ್ರು?"

ಹೇಳಬಹುದಿತ್ತು. ಎರಡು ವಾಕ್ಯದ ಕತೆ. ಲೋಟ, ಗಾಬರಿ, ಹೊಸ್ತಿಲಲ್ಲಿ ಚೀಲದ ಸಮೇತ ಕೂತವನು. ಹಕ್ಕಿಯ ಮನೆ ಒಡೆದವಳು ಅಷ್ಟಾದರೂ ಕೊಡಬೇಕಿತ್ತು. ಅವನು ಇಲ್ಲಿಂದ ಒಂದು ಮಾತು ತಂದ, ಹೌದು. ಆದರೆ ಇನ್ನೊಂದನ್ನು, ಅವಳ 'ಇಲ್ಲ'ವನ್ನು, ಮನೆಯಿಂದ ಹೊತ್ತು ತಂದು, ವರ್ಷವರ್ಷವೂ ಖಾಲಿ ಬಿಲಗಳಿಗೆಲ್ಲ ಕೇಳಿಸಿ, ಯಾರಿಗೂ ಬಿಡಿಸಿ ಹೇಳದೆ ವಾಪಸು ಹೊತ್ತೊಯ್ದಿದ್ದ.

"ಗೊತ್ತಿಲ್ಲ," ಎಂದಳು.

ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. "ಸರಿ," ಎಂದು ಸಸಿಯಕ್ಕ ಎದ್ದು, ಬಿಳಿ ಕಡ್ಡಿಯನ್ನು ಕಿತ್ತು ಕೆಂಪು ಕಡ್ಡಿ ಚುಚ್ಚಿ, ಬುಟ್ಟಿ ಎತ್ತಿಕೊಂಡು ಇಳಿದು ಹೋದಳು.

ಅವಳು ಅಲ್ಲೇ ಉಳಿದಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕೈಯಲ್ಲಿ ಏನೋ ಬಿಸಿಯಾದದ್ದನ್ನು ಮುಚ್ಚಿ ಹಿಡಿದ ಹಾಗಿತ್ತು. ಕಣ್ಣಿಂದ ನೀರು ಬಂದದ್ದು ಮೂಗಿನ ತುದಿಗೆ ಬಂದ ಮೇಲೆಯೇ ಗೊತ್ತಾಯಿತು. ಗಾಳಿಗೆ ಇರಬೇಕು ಎಂದುಕೊಂಡು, ಅಲ್ಲವೆಂದು ಗೊತ್ತಿದ್ದೂ, ಒರೆಸಿಕೊಳ್ಳದೆ ಕೂತಳು.

ಮರುದಿನ ಬೆಳಗಾಗುತ್ತಲೇ, ಉಳಿದವರು ಹಲ್ಲುಜ್ಜುತ್ತಿರುವಾಗ, ಹಲಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಚಾವಣಿ ಕುಸಿದಿರಲಿಲ್ಲ. ಬಿಲದ ಬಾಯಿಯಲ್ಲಿ ಹೊಸ ಹೆಜ್ಜೆಯ ಗೀರುಗಳಿದ್ದವು; ಬಂದದ್ದೋ, ಬಿಟ್ಟು ಹೋದದ್ದೋ, ಹೇಳುವಂತಿರಲಿಲ್ಲ. ಬೋರಲು ಮಲಗಿದಳು. ಕೆನ್ನೆಗೆ ಮಣ್ಣು ತಣ್ಣಗೆ ಹತ್ತಿತು. ಇಷ್ಟು ವರ್ಷ ಒಳಗಿದ್ದು ಉತ್ತರ ಕೊಟ್ಟು ಅಭ್ಯಾಸ. ಹೊರಗೆ ನಿಂತು ಕೇಳುವುದು ಅವಳಿಗೆ ಹೊಸದು.

"ಇದ್ದೀರಾ?" ಎಂದಳು. ಹೊರಬಿದ್ದದ್ದು ಅದು. ತನ್ನ ಕಿವಿಗೇ ಬಿದ್ದು, ಮಣ್ಣಿನ ಮೇಲೆ ಮುಖವಿಟ್ಟು ಫಕ್ಕನೆ ನಕ್ಕಳು. ಪಾಪ, ಅವನಿಗೆ ಒಂದು ತಿಂಗಳು ಬೇಕಾಗಿತ್ತು.

ಮತ್ತೆ ಕರೆದಳು. "ಇದ್ದೀಯೇನೇ?"

ಕಾದಳು. ಸದ್ದಿಲ್ಲ. ಗಾಳಿ ಒಮ್ಮೆ ಬಿಲದ ಬಾಯಿಯನ್ನು ಊದಿ ಹೋಯಿತು. ಈಗ ಅನ್ನಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅನ್ನಲಿಲ್ಲ. ಅನ್ನುವುದಿಲ್ಲ, ಇವತ್ತು ಬೇಡ, ಎಂದು ತುಟಿ ಬಿಗಿಹಿಡಿದು ಮೂರನೇ ಸಲ ಕರೆದಳು.

ನೆಲದೊಳಗೆ ಹೊಲಿಗೆಯಂತ್ರ ತಿರುಗಿತು. ನಿದ್ದೆಗೆಡಿಸಿದ್ದಕ್ಕೆ ಬೈದ ಹಾಗೆ, ಗರ್ರ್, ಗರ್ರ್, ಉದ್ದಕ್ಕೆ.

ಇಳಿಜಾರನ್ನು ಬಾತುಕೋಳಿಯ ನಡಿಗೆಯಲ್ಲೇ ಆದಷ್ಟು ಬೇಗ ಇಳಿದಳು. ಸಸಿಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ನೀರಿನ ಪೈಪಿನ ಸದ್ದು. ಸುದ್ದಿ ಹೇಳಬೇಕಿತ್ತು. ಹೊಸ್ತಿಲಲ್ಲಿ ನಿಂತು, ಹೆಸರು ಹಿಡಿದು ಕೂಗಲು ಬಾಯಿ ತೆರೆದವಳು ಒಂದು ಗಳಿಗೆ ತಡೆದಳು. ಮೇಲಿನ ಬೋರ್ಡಿನಲ್ಲಿ ತಾನು ತಿದ್ದಿದ 'ಥ' ಹಾಗೇ ಇತ್ತು.

"ಇದ್ದೀಯೇನೇ?" ಎಂದಳು.

ಪೈಪಿನ ಸದ್ದು ನಿಂತಿತು. ಆ ಇನ್ನೊಂದು ಮಾತು ಒಳಗಿನವಳಿಗೆ ಗೊತ್ತು. ದನಿಯ ಸಮೇತ ಗೊತ್ತು. ಬೇಕೆಂದರೆ ಈಗಲೇ ಎತ್ತಿಕೊಳ್ಳಬಹುದು. ಎತ್ತಿಕೊಂಡರೆ ಏನು ಮಾಡುತ್ತಿದ್ದಳೋ, ದೋಣಿ ಹತ್ತಿಬಿಡುತ್ತಿದ್ದಳೋ ಏನೋ.

"ಇದೀನಿ," ಎಂದಳು ಸಸಿಯಕ್ಕ, ಒಳಗಿನಿಂದ. "ಬಾ. ಸೂಜಿ ದಾರ ಹುಡುಕಿಟ್ಟಿದೀನಿ. ಆ ಜೇಬು ಈ ಸಲ ನೀನೇ ಹೊಲಿ."